ಮಜ್ದಾ ಚಕ್ರ, ಹೋಂಡಾ ಕಾರು

2019ರ ದೀಪಾವಳಿ ಕಳೆದ ಮಾರನೇ ವಾರ ಗೆಳೆಯನ ಫೋನ್ ಬಂತು. ಅವನು ಮಜ್ದಾ 3 ಮಾರಿ ದೊಡ್ಡ ಗಾಡಿ ತಗೊಂಡಿದ್ದ. ಹಳೇ ಕಾರಿನ ಚಳಿಗಾಲದ ಟೈರ್ ನಾಲ್ಕೂ ರಿಮ್ ಸಮೇತ ಗ್ಯಾರೇಜಿನಲ್ಲಿ ಬಿದ್ದಿದ್ದವು. "ನಿನ್ನ ಹೋಂಡಾ ಸಿವಿಕ್ ಚಕ್ರಕ್ಕೂ ಐದೇ ನಟ್ ತೂತು ಅಲ್ವಾ? ಸುಮ್ನೆ ಬಂದು ತಗೊಂಡ್ ಹೋಗೋ, ಇನ್ನೂರು ಡಾಲರ್ ಕೊಡು ಸಾಕು" ಅಂದ.

ನಾವಿರುವುದು ಕೆನಡಾದ ಒಂಟಾರಿಯೋದಲ್ಲಿ. ಪಕ್ಕದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಇಲ್ಲಿ ಇಲ್ಲ. ಹಾಕಿಸಿದರೆ ಇನ್ಶೂರೆನ್ಸ್‌ನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ, ಅಷ್ಟೇ. ನಾನು ಅಲ್ಲಿಯವರೆಗೆ ಆಲ್ ಸೀಸನ್ ಟೈರಿನಲ್ಲೇ ಕಾಲ ತಳ್ಳಿದ್ದೆ. ಹವೆ 7 ಡಿಗ್ರಿಗಿಂತ ಕೆಳಗಿಳಿದರೆ ಅದರ ರಬ್ಬರ್ ಬಿರುಸಾಗಿ ಹಿಡಿತ ಕಮ್ಮಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಹಿಂದಿನ ಜನವರಿಯಲ್ಲಿ ಕೆಂಪು ದೀಪ ದಾಟಿ ಹೋಗಿ ನಿಂತ ಮೇಲೆ ನಾನೂ ನಂಬಿದೆ.

ಟೈರ್ ನೋಡಿದೆ. ಟೈರಿನ ಪಕ್ಕದ ಮೈಮೇಲೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವಿನ ಗುರುತು ಇತ್ತು, ಹಿಮಕ್ಕೆ ತಕ್ಕ ಟೈರ್ ಅಂತ ಅದರ ಅರ್ಥ. ತಯಾರಿಯ ಸಂಖ್ಯೆ 3617, ಅಂದರೆ 2017ರ 36ನೇ ವಾರ. ಅಳತೆ 205/55 ಆರ್16. ನನ್ನ 2010ರ ಸಿವಿಕ್‌ನಲ್ಲಿ ಇದ್ದದ್ದೂ ಅದೇ, ಚಕ್ರದ ಸುತ್ತಳತೆ ಬದಲಾಗದ್ದರಿಂದ ಸ್ಪೀಡೋಮೀಟರ್ ತಪ್ಪು ತೋರಿಸುವ ಚಿಂತೆ ಇಲ್ಲ. ಐದೂ ನಟ್ ತೂತುಗಳ ನಡುವಿನ ಮೂಲಕ ಹಾಯುವ ವೃತ್ತದ ವ್ಯಾಸ ಎರಡಕ್ಕೂ 114.3 ಮಿ.ಮೀ. ಪಿಯುಸಿ ಲ್ಯಾಬ್ ಬಿಟ್ಟ ಮೇಲೆ ಮೊದಲ ಸಲ ವರ್ನಿಯರ್ ಹಿಡಿದು ಪಕ್ಕಪಕ್ಕದ ಎರಡು ತೂತುಗಳ ನಡುಬಿಂದುಗಳ ದೂರ ಅಳೆದೆ. 67 ಮಿ.ಮೀ.ಗಿಂತ ಕೂದಲೆಳೆ ಜಾಸ್ತಿ ಬಂತು. ಆ ವೃತ್ತದಲ್ಲಿ ಐದು ತೂತಿದ್ದರೆ ಬರಬೇಕಾದದ್ದೂ ಅಷ್ಟೇ, ಲೆಕ್ಕ ಸರಿ. ರಿಮ್ ಒಳಗೆ ಹೊಡೆದಿದ್ದ ಆಫ್‌ಸೆಟ್ (ರಿಮ್ ಅಗಲದ ನಡುಗೆರೆಯಿಂದ ಕಾರಿಗೆ ಕೂರುವ ಮುಖದವರೆಗಿನ ದೂರ) 50 ಮಿ.ಮೀ., ನನ್ನದು 45. ಚಕ್ರ 5 ಮಿ.ಮೀ. ಒಳಗೆ ಕೂರುತ್ತದೆ. ಹಾಕಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ, ಎಲ್ಲೂ ತಾಗಲಿಲ್ಲ.

ಆಫ್‌ಸೆಟ್ ಬಿಟ್ಟರೆ ಬೇರೆಯಾಗಿದ್ದದ್ದು ಎರಡೇ. ಮಜ್ದಾ ರಿಮ್‌ನ ನಡುವಿನ ತೂತು 67.1 ಮಿ.ಮೀ., ಅದು ಕೂರಬೇಕಾದ ಹೋಂಡಾ ಹಬ್, ಅಂದರೆ ಕಾರಿನ ಕಡೆಯ ನಡುಗುಬ್ಬಿ, 64.1. ದೊಡ್ಡದಿದ್ದರಿಂದ ಬಚಾವ್. ನನ್ನ ರಿಮ್ ಅವನ ಕಾರಿಗಾದರೆ ಒಳಗೇ ಹೋಗುತ್ತಿರಲಿಲ್ಲ.

ಎರಡನೆಯದು ನಟ್. ಇದರಲ್ಲೇ ನಾನು ಎಡವಿದ್ದು. ಎರಡೂ ಕಂಪನಿಯ ನಟ್‌ಗೆ ತಿರುಪಿನ ಸುತ್ತು ಒಂದೇ, 12 ಮಿ.ಮೀ. ದಪ್ಪ, ಒಂದು ಸುತ್ತಿನಿಂದ ಇನ್ನೊಂದಕ್ಕೆ 1.5 ಮಿ.ಮೀ. ಹೋಂಡಾ ನಟ್ ಮಜ್ದಾ ರಿಮ್ ಮೇಲೆ ಸಲೀಸಾಗಿ ತಿರುಗಿ ಬಿಗಿಯಾಯಿತು. ಮುಗೀತು ಅಂದುಕೊಂಡೆ. ಒಂದು ಚಕ್ರ ಯಾಕೋ ಓರೆ ಕಂಡಿತು, ಮತ್ತೆ ಬಿಚ್ಚಿದೆ. ಆಗ ತೂತಿನ ಅಂಚು ನೋಡಿದರೆ ಕರಿ ಬಣ್ಣ ದಾರದಷ್ಟು ಸಣ್ಣ ಗೆರೆಯಲ್ಲಿ ಮಾತ್ರ ಎದ್ದಿತ್ತು. ಅಂದರೆ ನಟ್ ರಿಮ್ಮಿಗೆ ತಾಗಿದ್ದು ಅಷ್ಟೇ ಜಾಗದಲ್ಲಿ! ಹೋಂಡಾದ ಮೂಲ ನಟ್‌ನ ತಳ ಗುಂಡಗೆ, ಚೆಂಡಿನ ತುಂಡಿನ ಹಾಗೆ. ಮಜ್ದಾ ರಿಮ್‌ನ ತೂತು ಲಾಳಿಕೆಯ ಹಾಗೆ ಓರೆ. ಗುಂಡನ್ನು ಲಾಳಿಕೆಯಲ್ಲಿ ಕೂರಿಸಿದರೆ ಒಂದು ಗೆರೆಯಲ್ಲಷ್ಟೇ ಹಿಡಿಯುತ್ತದೆ. ಪಾನಾ ಎಳೆಯುವಾಗ ಬಿಗಿ ಅನ್ನಿಸುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ನೋಡಿ ಹೊಟ್ಟೆಯಲ್ಲಿ ತಣ್ಣಗಾಯಿತು. ಆ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗುವವನಿದ್ದೆ.

ಮಾರನೇ ದಿನ 60 ಡಿಗ್ರಿ ಓರೆ ತಳದ ಇಪ್ಪತ್ತು ನಟ್ ತಂದೆ. ಹಾಕಿ, ಬಿಗಿ ಮಾಡಿ, ಒಂದನ್ನು ಬೇಕೆಂದೇ ಬಿಚ್ಚಿದೆ. ಈ ಸಲ ಬಣ್ಣ ಅಗಲವಾದ ಪಟ್ಟಿಯಾಗಿ, ಸುತ್ತ ಒಂದೇ ಸಮ ಎದ್ದಿತ್ತು.

ರಿಮ್‌ಗೂ ಹಬ್‌ಗೂ ನಡುವೆ ಸುತ್ತಲೂ ಉಳಿದ 1.5 ಮಿ.ಮೀ. ಸಂದಿ ತುಂಬಲು ಹಬ್ ರಿಂಗ್ ಎಂಬ ಬಳೆ ಬೇಕಿಲ್ಲ, ಓರೆ ನಟ್ಟೇ ಚಕ್ರವನ್ನು ನಡುವಿಗೆ ತರುತ್ತದೆ ಅಂದರು ಟೈರ್ ಅಂಗಡಿಯವರು. ಅವರು ಹೇಳಿದ್ದರಲ್ಲಿ ಸತ್ಯ ಇದೆ. ಆದರೂ ಹೈವೇಯಲ್ಲಿ 100 ದಾಟಿದಾಗ ಸ್ಟೀರಿಂಗ್ ಸಣ್ಣಗೆ ನಡುಗಿತು. ಪ್ಲಾಸ್ಟಿಕ್ ರಿಂಗ್ ತಂದು ಹಾಕಿದೆ. ಅಲ್ಯೂಮಿನಿಯಂ ಬೇಡ ಅನ್ನಿಸಿತು, ರಸ್ತೆಗೆ ಸುರಿಯುವ ಉಪ್ಪಿಗೆ ಅದು ಹಬ್‌ಗೆ ಅಂಟಿಕೊಂಡು ಕೂರುತ್ತದೆ. ಅದೇ ಹೊತ್ತಿಗೆ ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದೆ. ಚಕ್ರ ಗಾಳಿಯಲ್ಲಿದ್ದಾಗಲೇ ಒಂದು ಬಿಟ್ಟು ಒಂದರಂತೆ ನಟ್ ಕೂರಿಸಿ, ಕೆಳಗಿಳಿಸಿ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಲ್ಲಿ 108 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ. ನಡುಕ ಹೋಯಿತು. ರಿಂಗಿನಿಂದಲೋ ತುಕ್ಕು ತೆಗೆದದ್ದರಿಂದಲೋ ಹೇಳಲಾರೆ, ಎರಡನ್ನೂ ಒಟ್ಟಿಗೇ ಮಾಡಿಬಿಟ್ಟಿದ್ದೆ.

ನೂರು ಕಿಲೋಮೀಟರ್ ಓಡಿಸಿ ಮತ್ತೆ ರೆಂಚ್ ಹಿಡಿದೆ. ಎರಡು ನಟ್ ಕಾಲು ಸುತ್ತಿನಷ್ಟು ತಿರುಗಿದವು, ಉಳಿದವು ಅಲುಗಲಿಲ್ಲ.

ಏಪ್ರಿಲ್‌ನಲ್ಲಿ ಬೇಸಿಗೆ ಚಕ್ರ ಹಾಕುವಾಗ ಇದೇ ತಪ್ಪು ಉಲ್ಟಾ ಆಗಬಾರದಲ್ಲ. ಹೋಂಡಾ ನಟ್‌ಗಳನ್ನು ಖಾಲಿ ಉಪ್ಪಿನಕಾಯಿ ಬಾಟಲಿಗೆ ತುಂಬಿ, ಮುಚ್ಚಳದ ಮೇಲೆ "ಗುಂಡು" ಅಂತ ಬರೆದು ಗ್ಯಾರೇಜಿನ ಕಪಾಟಿನಲ್ಲಿಟ್ಟಿದ್ದೇನೆ. ಊರಿಂದ ಬಂದಿದ್ದ ಅತ್ತೆ ಅದನ್ನು ನೋಡಿ, ಗುಂಡು ಮಾವಿನಕಾಯಿ ಉಪ್ಪಿನಕಾಯಿ ಈ ದೇಶದಲ್ಲೂ ಸಿಗುತ್ತಾ ಅಂತ ಕೇಳಿದರು.