ತಾಯಿ ಕಾರ್ಡಿನ ಮೇಲೆ ಒಂದು ಚೀಟಿ ಅಂಟಿಸಿಡಿ

ಬಸುರಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ, ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡಿನ ರಟ್ಟಿನ ಮೇಲೆ ಅಂಗೈಯಗಲದ ಬಿಳಿ ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ ಇಷ್ಟು ಬರೆಯಿರಿ: ಕೊನೆಯ ಮುಟ್ಟಿನ ದಿನಾಂಕ, ರಕ್ತದ ಗುಂಪು, ಕೊನೆಯ ಹಿಮೋಗ್ಲೋಬಿನ್, ಹಿಂದಿನ ಹೆರಿಗೆ ಸಿಸೇರಿಯನ್ನೋ ಅಲ್ಲವೋ, ಮೈಗೆ ಆಗದ ಔಷಧಿ. ಗುಂಪು ನೆಗೆಟಿವ್ ಇದ್ದರೆ ಕೆಂಪು ಪೆನ್ನಲ್ಲಿ ಬರೆಯಿರಿ. ಮಗುವಿನ ಗುಂಪು ಪಾಸಿಟಿವ್ ಆದರೆ, ಮುಂದಿನ ಬಸಿರಿಗೆ ತೊಂದರೆ ಆಗದಿರಲು ಹೆರಿಗೆಯಾಗಿ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಬೇಕಲ್ವಾ, ಅದಕ್ಕೆ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ರಾತ್ರೋರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ನೋಡುವವರು ಹೊಸಬರು. ನೋವು ತಿನ್ನುತ್ತಿರುವವಳು ಅದೇ ಪ್ರಶ್ನೆಗೆ ನಾಲ್ಕು ಸಲ ಉತ್ತರ ಹೇಳಬೇಕು. ಜೊತೆಗೆ ಬಂದ ಗಂಡನನ್ನು ಮುಟ್ಟಿನ ದಿನಾಂಕ ಕೇಳಿ ನೋಡಿ, ಸೂರು ನೋಡುತ್ತಾ ನಿಲ್ಲುತ್ತಾನೆ! ಚೀಟಿ ಇದ್ದರೆ ಕಾರ್ಡ್ ಮುಂದೆ ಹಿಡಿದರೆ ಸಾಕು. ಬಾಲ್ ಪೆನ್ನಲ್ಲೇ ಬರೆದು ಮೇಲೆ ಅಗಲದ ಟೇಪ್ ಹಾಕಿ, ಜೆಲ್ ಪೆನ್ನಿನ ಶಾಯಿ ಆಷಾಢದ ಮಳೆಗೆ ಹರಡಿಬಿಡುತ್ತದೆ. ಮೊಬೈಲಲ್ಲಿ ಫೋಟೋನೂ ಇರಲಿ, ಆದರೆ ಅದನ್ನೇ ನೆಚ್ಚಬೇಡಿ. ಎರಡು ದಿನ ಕರೆಂಟ್ ಇಲ್ಲದಿದ್ದರೆ ಚಾರ್ಜ್ ಎಲ್ಲಿಂದ? ಚೀಟಿ ಇದೆ ಅಂತ ಪರೀಕ್ಷೆ ತಪ್ಪುವುದಿಲ್ಲ. ರಕ್ತ ಕೊಡುವ ಮುಂಚೆ ಗುಂಪನ್ನು ಮತ್ತೆ ನೋಡಿಯೇ ನೋಡುತ್ತಾರೆ. ಹಿಮೋಗ್ಲೋಬಿನ್ ಹಳೆಯದಾದರೆ ಸುಮ್ನೆ ದಾರಿ ತಪ್ಪಿಸುತ್ತದೆ, ಪಕ್ಕದಲ್ಲಿ ದಿನಾಂಕ ಹಾಕಿ. ಕಾರ್ಡನ್ನೇ ಬೀರುವಿನಲ್ಲಿ ಬಿಟ್ಟು ಹೋದರೆ ಚೀಟಿ ಇದ್ದೂ ಇಲ್ಲ, ಈಗಲೇ ಹೆರಿಗೆಗೆ ಕಟ್ಟಿಟ್ಟ ಬಟ್ಟೆ ಚೀಲಕ್ಕೆ ಹಾಕಿಬಿಡಿ.