ಫೆಡರಲ್ ಕೆಲಸದಲ್ಲಿದ್ದಾಗ ಆರೋಗ್ಯ ಕೈಕೊಟ್ಟರೆ: ಫರ್ಸ್ ಡಿಸೆಬಿಲಿಟಿ ಪೆನ್ಷನ್

ಅಮೆರಿಕದ ಕನ್ನಡಿಗರೆಂದರೆ ಎಲ್ಲರೂ ಐಟಿ ಕಂಪನಿಯವರೇ ಅಲ್ಲ. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಫೆಡರಲ್ ಸರ್ಕಾರದ ಕೆಲಸಕ್ಕೆ ಸೇರಿದವರೂ ಇದ್ದಾರೆ. ಮಾಜಿ ಸೈನಿಕರ ವಿಎ ಆಸ್ಪತ್ರೆಯ ಡಾಕ್ಟರು, ನರ್ಸು, ಆಹಾರ-ಔಷಧಿ ನಿಯಂತ್ರಿಸುವ ಎಫ್‌ಡಿಎಯ ವಿಜ್ಞಾನಿ, ಪೇಟೆಂಟ್ ಆಫೀಸಿನ ಎಕ್ಸಾಮಿನರ್, ಪೋಸ್ಟ್ ಆಫೀಸಿನವರು. ಇವರ ಸಂಬಳದಲ್ಲಿ ಫರ್ಸ್ ಎಂಬ ಪೆನ್ಷನ್ ಯೋಜನೆಗೆ ದುಡ್ಡು ಹಿಡಿಯುತ್ತಾರೆ. 2014ರಿಂದೀಚೆಗೆ ಸೇರಿದ ಹೆಚ್ಚಿನವರಿಗೆ ಅದು ಶೇ. 4.4. ವಯಸ್ಸಾದ ಮೇಲೆ ಬರುವ ಪೆನ್ಷನ್ ಮಾತ್ರವಲ್ಲ, ನಡುವೆ ಕಾಯಿಲೆ ಬಿದ್ದರೆ ಸಿಗುವ ಡಿಸೆಬಿಲಿಟಿ ಪೆನ್ಷನ್ ಕೂಡ ಇದರಲ್ಲೇ ಸೇರಿದೆ.

ನಮ್ಮವರು ಸಾಮಾನ್ಯವಾಗಿ ಮಾಡುವುದೇನು? ಕಾಯಿಲೆ ಜೋರಾದರೂ ಆಫೀಸಿನಲ್ಲಿ ಬಾಯಿ ಬಿಡುವುದಿಲ್ಲ. ಸುಮ್ನೆ ರಾಜೀನಾಮೆ ಬರೆದುಕೊಟ್ಟು, ಊರಿಗೆ ಹೋಗಿ ಟ್ರೀಟ್‌ಮೆಂಟ್ ಮಾಡಿಸಿಕೊಳ್ಳೋಣ ಅಂತ ವಿಮಾನ ಹತ್ತುತ್ತಾರೆ. ಎಡವಟ್ಟಾಗುವುದು ಅಲ್ಲೇ. ಈ ಡಿಸೆಬಿಲಿಟಿ ಪೆನ್ಷನ್ ಬೇಕಾದರೆ ಕೆಲಸ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಓಪಿಎಂಗೆ, ಅಂದರೆ ಫೆಡರಲ್ ನೌಕರರ ಪೆನ್ಷನ್ ನೋಡಿಕೊಳ್ಳುವ ಇಲಾಖೆಗೆ, ಮುಟ್ಟಿರಬೇಕು. ಮಾನಸಿಕವಾಗಿ ಅಸಮರ್ಥರಾಗಿದ್ದವರಿಗೆ ಮಾತ್ರ ಈ ಗಡುವಿನಲ್ಲಿ ವಿನಾಯಿತಿ ಉಂಟು. ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಪರೇಷನ್, ಫಿಸಿಯೋಥೆರಪಿ ಅಂತ ಓಡಾಡುವಾಗ ಒಂದು ವರ್ಷ ಕಳೆದದ್ದು ಗೊತ್ತೇ ಆಗುವುದಿಲ್ಲ.

ಇನ್ನು ಯಾರಿಗೆ ಸಿಗುತ್ತದೆ? 18 ತಿಂಗಳ ಸರ್ವೀಸ್ ಆಗಿದ್ದರೆ ಸಾಕು. ವಯಸ್ಸಿನ ಲೆಕ್ಕ ಇಲ್ಲ. ಕಾಯಿಲೆ ಕೆಲಸದಿಂದಲೇ ಬಂದಿರಬೇಕು ಅಂತಲೂ ಇಲ್ಲ. ಅದು ಕನಿಷ್ಠ ಒಂದು ವರ್ಷ ಇರುವಂಥದ್ದಾಗಿರಬೇಕು, ಅದರಿಂದ ನಿಮ್ಮ ಈಗಿನ ಕೆಲಸ ಸರಿಯಾಗಿ ಮಾಡಲು ಆಗದಂತಿರಬೇಕು, ಅಷ್ಟೆ. ಆಫೀಸಿನವರು ಬೇರೆ ಅನುಕೂಲ ಮಾಡಿಕೊಟ್ಟು ನಿಮ್ಮನ್ನು ಅಲ್ಲೇ ಉಳಿಸಿಕೊಳ್ಳುವ ಹಾಗಿದ್ದರೆ, ಅಥವಾ ಅದೇ ದರ್ಜೆಯ, ಅದೇ ಸಂಬಳದ ಖಾಲಿ ಹುದ್ದೆ ಹತ್ತಿರದಲ್ಲೇ ಕೊಟ್ಟರೆ, ಪೆನ್ಷನ್ ಸಿಗುವುದಿಲ್ಲ.

ಅರ್ಜಿಯ ಮುಖ್ಯ ಫಾರಂ ಎಸ್‌ಎಫ್ 3112. ಅದರಲ್ಲಿ ಎ ನೀವು ಬರೆಯುವುದು, ಬಿ ನಿಮ್ಮ ಸೂಪರ್‌ವೈಸರ್, ಸಿ ಡಾಕ್ಟರು, ಡಿ ಆಫೀಸಿನ ಎಚ್‌ಆರ್. ಹೆಚ್ಚಿನ ಅರ್ಜಿಗಳ ಹಣೆಬರಹ ನಿರ್ಧಾರವಾಗುವುದು ಡಾಕ್ಟರ ಕಾಗದದಲ್ಲೇ ಅಂತ ನನ್ನ ಅಭಿಪ್ರಾಯ. ‘ಇವರಿಗೆ ಡಯಾಬಿಟಿಸ್‌ನಿಂದ ಕಾಲಿನ ನರ ಹಾಳಾಗಿದೆ, ಕೆಲಸ ಮಾಡಲಾರರು’ ಎಂದು ಬರೆದರೆ ಏನೂ ಉಪಯೋಗವಿಲ್ಲ. ‘ಇವರು ವಾರ್ಡ್ ನರ್ಸ್. ಶಿಫ್ಟಿನ ಹೆಚ್ಚಿನ ಹೊತ್ತು ನಿಂತಿರಬೇಕು, ರೋಗಿಗಳನ್ನು ಎತ್ತಿ ಮಲಗಿಸಬೇಕು. ಪಾದ ಮರಗಟ್ಟಿರುವುದರಿಂದ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಾರರು, ಎತ್ತುವಾಗ ಬೀಳುವ ಅಪಾಯವಿದೆ. ಔಷಧಿ ಬದಲಿಸಿ ನೋಡಿದರೂ ಗುಣವಾಗಿಲ್ಲ, ಒಂದು ವರ್ಷದಲ್ಲಿ ಗುಣವಾಗುವ ಸೂಚನೆಯೂ ಇಲ್ಲ’ ಎಂದು ಬರೆಸಿ. ಡಾಕ್ಟರ ಹತ್ತಿರ ಹೋಗುವಾಗ ನಿಮ್ಮ ಹುದ್ದೆಯ ಕೆಲಸಗಳ ಪಟ್ಟಿ ಕೈಯಲ್ಲಿರಲಿ. ಊರಲ್ಲಿ ಟ್ರೀಟ್‌ಮೆಂಟ್ ತಗೊಂಡಿದ್ದರೆ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ಎಲ್ಲ ಜೋಪಾನವಾಗಿ ತನ್ನಿ.

ದುಡ್ಡಿನ ಲೆಕ್ಕ ಹೀಗೆ. ಅತಿ ಹೆಚ್ಚು ಸಂಬಳದ ಸತತ ಮೂರು ವರ್ಷದ ಸರಾಸರಿ ತೆಗೆಯುತ್ತಾರೆ. ಮೊದಲ ವರ್ಷ ಅದರ ಶೇ. 60, ಆಮೇಲೆ 62 ವಯಸ್ಸಿನವರೆಗೆ ಶೇ. 40. ಇದಲ್ಲದೆ, ದುಡಿಯಲಾಗದವರಿಗೆ ಸರ್ಕಾರದ ಸೋಶಿಯಲ್ ಸೆಕ್ಯುರಿಟಿ ಯೋಜನೆ ಕೊಡುವ ಡಿಸೆಬಿಲಿಟಿ ಹಣವೂ ಸಿಕ್ಕಿದರೆ, ಫರ್ಸ್ ಪೆನ್ಷನ್‌ನಿಂದ ಮೊದಲ ವರ್ಷ ಅದನ್ನು ಪೂರ್ತಿ ಕಳೆಯುತ್ತಾರೆ, ನಂತರ ಅದರ ಶೇ. 60ರಷ್ಟು. ಸರಾಸರಿ 1,00,000 ಡಾಲರ್, ಸೋಶಿಯಲ್ ಸೆಕ್ಯುರಿಟಿ ವರ್ಷಕ್ಕೆ 30,000 ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ಎರಡೂ ಸೇರಿ 60,000. ಎರಡನೇ ವರ್ಷದಿಂದ ಫರ್ಸ್ 22,000, ಸೋಶಿಯಲ್ ಸೆಕ್ಯುರಿಟಿ 30,000, ಒಟ್ಟು 52,000. 62 ತುಂಬಿದಾಗ ಪೆನ್ಷನ್ ಹೊಸದಾಗಿ ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ಕೂತ ವರ್ಷಗಳೂ ಆಗ ಸರ್ವೀಸಿಗೆ ಸೇರುತ್ತವೆ!

ಸೋಶಿಯಲ್ ಸೆಕ್ಯುರಿಟಿಗೆ ಅರ್ಜಿ ಹಾಕುವುದು ಕಡ್ಡಾಯ, ಮಂಜೂರಾಗುವುದು ಕಡ್ಡಾಯವಲ್ಲ. ಅವರ ನಿಯಮ ಬಹಳ ಬಿಗಿ: ನಿಮ್ಮ ಕೆಲಸವಷ್ಟೇ ಅಲ್ಲ, ಗಣನೀಯ ಸಂಪಾದನೆ ತರುವ ಯಾವ ಕೆಲಸವೂ ಆಗದಂತಿರಬೇಕು. ಸಾಮಾನ್ಯವಾಗಿ ಕಳೆದ ಹತ್ತು ವರ್ಷದಲ್ಲಿ ಐದು ವರ್ಷ ಅಮೆರಿಕದಲ್ಲಿ ದುಡಿದಿರಬೇಕು. ಭಾರತದ ಜೊತೆ ಅಮೆರಿಕಕ್ಕೆ ಸೋಶಿಯಲ್ ಸೆಕ್ಯುರಿಟಿ ಒಪ್ಪಂದ ಇಲ್ಲದ ಕಾರಣ ಬೆಂಗಳೂರಿನಲ್ಲಿ ಪಿಎಫ್ ಕಟ್ಟಿದ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ.

ಒಂದು ಎಚ್ಚರಿಕೆ. ಸೋಶಿಯಲ್ ಸೆಕ್ಯುರಿಟಿ ತಡವಾಗಿ ಮಂಜೂರಾದರೆ ಹಿಂದಿನ ಬಾಕಿಯೆಲ್ಲ ಒಟ್ಟಿಗೇ ಖಾತೆಗೆ ಬೀಳುತ್ತದೆ. ಖುಷಿಪಟ್ಟು ಖರ್ಚು ಮಾಡಬೇಡಿ. ಅಷ್ಟು ದಿನ ಕಳೆಯದೆ ಪೂರ್ತಿ ಕೊಟ್ಟಿದ್ದ ಓಪಿಎಂ ತನ್ನ ಪಾಲನ್ನು ವಾಪಸ್ ಕೇಳಿಯೇ ಕೇಳುತ್ತದೆ.

ಪೆನ್ಷನ್ ಬರುವಾಗ ಖಾಸಗಿ ಕೆಲಸ ಮಾಡಬಹುದಾ? ಮಾಡಬಹುದು. 60 ವಯಸ್ಸಾಗುವವರೆಗೆ ವರ್ಷದ ಸಂಪಾದನೆ ನಿಮ್ಮ ಹಳೇ ಹುದ್ದೆಯ ಈಗಿನ ಸಂಬಳದ ಶೇ. 80 ಮುಟ್ಟಬಾರದು. ಆದರೆ ಸೋಶಿಯಲ್ ಸೆಕ್ಯುರಿಟಿಗೆ ಅದರದೇ ಮಿತಿ ಇದೆ, ಇದಕ್ಕಿಂತ ತುಂಬಾ ಕಡಿಮೆ. ನಿವೃತ್ತಿಗೆ ಮುಂಚಿನ ಐದು ವರ್ಷ ಸತತವಾಗಿ ಫೆಡರಲ್ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಇದ್ದವರಿಗೆ ಅದೂ ಮುಂದುವರಿಯುತ್ತದೆ.

ಕಾಗದಪತ್ರ ಹೋಗುವುದು ಪೆನ್ಸಿಲ್ವೇನಿಯಾದ ಬಾಯರ್ಸ್‌ಗೆ. ಅಲ್ಲಿ ಓಪಿಎಂನವರು ಸುಣ್ಣಕಲ್ಲಿನ ಹಳೇ ಗಣಿಯೊಳಗೆ, ನೆಲದಡಿ ಕೂತು ಕೆಲಸ ಮಾಡುತ್ತಾರೆ ಅಂದರೆ ನಂಬುತ್ತೀರಾ? ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟಕ್ಕೆ ಕೈಯಲ್ಲಿ ದುಡ್ಡಿರಲಿ. ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಮರುಪರಿಶೀಲನೆ ಕೇಳಿ, ಡಾಕ್ಟರ ಹೊಸ ಕಾಗದ ಸೇರಿಸಿ. ಅದೂ ಆಗದಿದ್ದರೆ ಫೆಡರಲ್ ನೌಕರರ ಮೇಲ್ಮನವಿ ಕೇಳುವ ಎಂಎಸ್‌ಪಿಬಿ ಎಂಬ ಮಂಡಳಿಗೆ ಇನ್ನೊಂದು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ಫೀಸೇನೂ ಇಲ್ಲ.