ಆಟ ಮುಗಿದ ಮೇಲಿನ ಹತ್ತು ನಿಮಿಷ: ಬಡ ಮಕ್ಕಳಿಗೆ ಮೈದಾನದಲ್ಲಿ ಬದುಕು ಕಲಿಸುವ ಬಗೆ

ಮಕ್ಕಳ ಕೈಗೆ ಒಂದು ಚೆಂಡು ಕೊಟ್ಟುಬಿಟ್ಟರೆ ಶಿಸ್ತು, ಧೈರ್ಯ, ಒಗ್ಗಟ್ಟು ಎಲ್ಲ ತಾನಾಗಿಯೇ ಬರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಬರುವುದಿಲ್ಲ. ಯಾರೂ ನೋಡಿಕೊಳ್ಳದ ಮೈದಾನದಲ್ಲಿ ದೊಡ್ಡ ಹುಡುಗರು ಬ್ಯಾಟ್ ಹಿಡಿಯುತ್ತಾರೆ, ಚಿಕ್ಕವರು ಚೆಂಡು ಹೆಕ್ಕಿಕೊಡುತ್ತಾರೆ, ಹೆಣ್ಣುಮಕ್ಕಳು ಕಾಂಪೌಂಡ್ ಪಕ್ಕ ನಿಂತು ನೋಡುತ್ತಾರೆ. ಅಲ್ಲಿಯೂ ಮಕ್ಕಳು ಕಲಿಯುತ್ತಾರೆ, ಬಲ ಇದ್ದವನದೇ ಆಟ ಅಂತ. ಆ ಪಾಠ ಅವರಿಗೆ ಬೀದಿಯಲ್ಲಿ ಈಗಾಗಲೇ ಬೇಕಾದಷ್ಟು ಸಿಕ್ಕಿರುತ್ತದೆ. ಮೈಸೂರು, ಮಂಡ್ಯ ಕಡೆ ಇಂಥ ಕೆಲಸ ಶುರು ಮಾಡಬೇಕು ಅಂತ ಇರುವ ಶಿಕ್ಷಕರು, ಕಾಲೇಜು ಹುಡುಗ ಹುಡುಗಿಯರು, ಯುವಕ ಸಂಘದವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆಟವನ್ನು ನಾವು ಬೇಕೆಂದೇ ಹೊಂದಿಸಿಕೊಳ್ಳಬೇಕು, ಮುಗಿದ ಮೇಲೆ ಕೂತು ಮಾತಾಡಬೇಕು.

ಮೊದಲು ಮಕ್ಕಳ ದಿನ ಹೇಗೆ ಕಳೆಯುತ್ತದೆ ಅಂತ ತಿಳಿದುಕೊಳ್ಳಿ. ಮಂಡ್ಯದಲ್ಲಿ ಕಬ್ಬು ಕಡಿಯುವ ಹಂಗಾಮಿಗೆ ಬಂದು ಗದ್ದೆ ಪಕ್ಕ ಗುಡಿಸಲು ಹಾಕಿಕೊಂಡವರ ಮಕ್ಕಳು ಬೇರೆ, ಆಲೆಮನೆಯಲ್ಲಿ ದುಡಿಯಲು ದೂರದ ಉತ್ತರದ ರಾಜ್ಯಗಳಿಂದ ಬಂದು ಕನ್ನಡ ಇನ್ನೂ ಸರಿಯಾಗಿ ಬಾರದ ಮಕ್ಕಳು ಬೇರೆ, ಎಚ್.ಡಿ. ಕೋಟೆ, ಹುಣಸೂರಿನ ಆದಿವಾಸಿ ಹಾಡಿಗಳ ಮಕ್ಕಳು ಬೇರೆ. ಹಾಡಿಯ ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದಾಗ ಮಕ್ಕಳೂ ಹೋಗುತ್ತಾರೆ. ವಾರಗಟ್ಟಲೆ ಬರಲಿಲ್ಲ ಅಂತ ಅವರ ಹೆಸರು ಹೊಡೆದುಹಾಕಬೇಡಿ. ವಾಪಸ್ ಬಂದಾಗ "ಎಲ್ಲಿ ಹೋಗಿದ್ದೆ" ಅಂತ ಗದರದೆ "ಬಾ, ನಿನ್ನ ಜಾಗ ಇದೆ" ಅನ್ನಿ. ಮೈಸೂರಿನಲ್ಲಿ ಅಗರಬತ್ತಿ, ಬೀಡಿ ಕೆಲಸ ಮನೆಯಲ್ಲೇ ನಡೆಯುವ ಕಡೆ ಹೆಣ್ಣುಮಕ್ಕಳಿಗೆ ಶಾಲೆ ಬಿಟ್ಟ ಮೇಲೂ ಕೆಲಸ ಕಾದಿರುತ್ತದೆ. ಆದ್ದರಿಂದ ಸಮಯವನ್ನು ನಿಮ್ಮ ಅನುಕೂಲಕ್ಕೆ ಇಡಬೇಡಿ, ಅವರನ್ನೇ ಕೇಳಿ ಇಡಿ. ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುವಂತಿರಲಿ. ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಕೂರಿಸಿಕೊಂಡು ಬರುವ ಹುಡುಗಿಗೆ ಬೇಡ ಅನ್ನಬೇಡಿ, ಮರದ ನೆರಳಲ್ಲಿ ಒಂದು ಚಾಪೆ ಹಾಸಿ, ಪುಟ್ಟ ಮಗುವನ್ನು ನೋಡಿಕೊಳ್ಳಲು ಸರದಿಯ ಮೇಲೆ ಒಬ್ಬರನ್ನು ಇಡಿ. ಇಷ್ಟು ಮಾಡದಿದ್ದರೆ ಹೆಣ್ಣುಮಕ್ಕಳು ಬರುವುದೇ ಇಲ್ಲ.

ಜಾಗಕ್ಕೆ ಸರ್ಕಾರಿ ಶಾಲೆಯ ಮೈದಾನವೇ ಒಳ್ಳೆಯದು. ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಕಂಡು ಲಿಖಿತವಾಗಿ ಅನುಮತಿ ತೆಗೆದುಕೊಳ್ಳಿ, ದೈಹಿಕ ಶಿಕ್ಷಕರಿದ್ದರೆ ಅವರನ್ನು ಜೊತೆಗೆ ಸೇರಿಸಿಕೊಳ್ಳಿ. ಆಟಕ್ಕೆ ಮುಂಚೆ ಮಕ್ಕಳ ಜೊತೆಯೇ ಸಾಲಾಗಿ ನಡೆದು ಗಾಜು, ಮುಳ್ಳು, ಮೊಳೆ ಹೆಕ್ಕಿ, ಯಾಕೆಂದರೆ ಅರ್ಧ ಜನಕ್ಕೆ ಶೂ ಇರುವುದಿಲ್ಲ. ಕೆಲವರಿಗೆ ಶೂ, ಕೆಲವರಿಗೆ ಬರಿಗಾಲು ಬೇಡ. ಆಡಿದರೆ ಎಲ್ಲರೂ ಒಂದೇ ಥರ. ಭಾನುವಾರ ಬೆಳಿಗ್ಗೆ ಆಡಿಸುವುದಾದರೆ ಒಂದು ಮಾತು ನೆನಪಿರಲಿ: ಅವತ್ತು ಬಿಸಿಯೂಟ ಇಲ್ಲ, ಮನೆಯಲ್ಲಿ ತಿಂಡಿ ಆಗಿರದೆಯೂ ಇರಬಹುದು. ಹಸಿದ ಮಗು ತಲೆಸುತ್ತಿ ಬೀಳುತ್ತದೆ ಇಲ್ಲವೇ ಜಗಳಕ್ಕೆ ನಿಲ್ಲುತ್ತದೆ. ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ, ಒಂದು ಲೋಟ ರಾಗಿ ಗಂಜಿ, ಏನಾದರೂ ಕೊಟ್ಟು ಆಮೇಲೆ ಓಡಿಸಿ.

ಇನ್ನು ಏನು ಕಲಿಸುವುದು? ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಜೀವನ ಕೌಶಲ ಅಂತ ಹತ್ತನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ತೀರ್ಮಾನ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಸಿಟ್ಟು ದುಃಖಗಳನ್ನು ನಿಭಾಯಿಸುವುದು ಇಂಥವು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕೂಡ ಶಾಲೆಗಳಿಗೆ ಜೀವನ ಕೌಶಲ ಶಿಕ್ಷಣದ ಕಾರ್ಯಕ್ರಮ ರೂಪಿಸಿದೆ. ಹತ್ತನ್ನೂ ಒಟ್ಟಿಗೆ ತುಂಬಲು ಹೋಗಬೇಡಿ. ಒಂದು ದಿನಕ್ಕೆ ಒಂದೇ. ಆ ಒಂದಕ್ಕೆ ಸರಿಹೊಂದುವ ಒಂದು ಆಟ. ಅದಕ್ಕೆ ದುಬಾರಿ ಸಾಮಾನು ಬೇಕಿಲ್ಲ.

ಕೆರೆ-ದಡ ಎಲ್ಲರಿಗೂ ಗೊತ್ತಲ್ವಾ? ಕೆರೆ ಅಂದರೆ ಗೆರೆಯೊಳಗೆ ಹಾರಬೇಕು, ದಡ ಅಂದರೆ ಹೊರಗೆ. ಕಿವಿಗೊಟ್ಟು ಕೇಳುವುದಕ್ಕೆ, ಅವಸರಕ್ಕೆ ಬೀಳದೆ ಇರುವುದಕ್ಕೆ ಇದಕ್ಕಿಂತ ಸುಲಭದ ಆಟ ಇಲ್ಲ. ಆದರೆ ತಪ್ಪಿದವರನ್ನು ಔಟ್ ಮಾಡಿ ಹೊರಗೆ ಕೂರಿಸಬೇಡಿ. ಅಭ್ಯಾಸ ಯಾರಿಗೆ ಜಾಸ್ತಿ ಬೇಕೋ ಅವರೇ ಮೊದಲು ಹೊರಗೆ ಹೋದರೆ ಏನು ಪ್ರಯೋಜನ? ತಪ್ಪಿದವರು ಒಂದು ಸುತ್ತು ಓಡಿ ಮತ್ತೆ ಸೇರಲಿ. ಲಗೋರಿಯಲ್ಲಿ ಕಲ್ಲು ಜೋಡಿಸುವವರು, ಚೆಂಡು ತಪ್ಪಿಸುವವರು ಯಾರು ಅಂತ ತಂಡ ಮೊದಲೇ ಮಾತಾಡಿಕೊಳ್ಳಲು ಎರಡು ನಿಮಿಷ ಕೊಟ್ಟು ನೋಡಿ, ಯೋಜನೆ ಮಾಡುವುದು ತಾನಾಗಿ ಬರುತ್ತದೆ. ಕಬಡ್ಡಿಯಲ್ಲಿ ರೇಡ್‌ಗೆ 30 ಸೆಕೆಂಡು, ಮುಟ್ಟಿ ವಾಪಸ್ ಬಂದರೆ ಮಾತ್ರ ಅಂಕ. ಯಾವಾಗ ಹಿಂದೆ ಸರಿಯಬೇಕು ಅಂತ ಕಲಿಸಲು ಇದು ತಕ್ಕ ಆಟ. "ಗೆಳೆಯರು ವಿ.ಸಿ. ನಾಲೆಗೆ ಹಾರು ನೋಡೋಣ ಅಂತ ಕೆಣಕಿದರೆ ಏನು ಮಾಡ್ತೀಯ?" ಅಂತ ಆಮೇಲೆ ಕೇಳಿ. ವಿ.ಸಿ. ನಾಲೆ ಅಂದರೆ ಮಂಡ್ಯದ ಗದ್ದೆಗಳಿಗೆ ನೀರು ಹರಿಸುವ ವಿಶ್ವೇಶ್ವರಯ್ಯ ಕಾಲುವೆ, ಅಲ್ಲಿನ ಮಕ್ಕಳಿಗೆ ಈ ಪ್ರಶ್ನೆ ಸುಮ್ನೆ ಕೇಳುವಂಥದ್ದಲ್ಲ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಖೊಖೊ. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ, ಒಂಬತ್ತನೆಯವರು ಅಟ್ಟುತ್ತಾರೆ. ಕೂತವರು ಹಿಂದಿನಿಂದ ಬೆನ್ನು ಮುಟ್ಟಿ ಖೊ ಕೊಡುವ ತನಕ ಏಳುವ ಹಾಗಿಲ್ಲ. ಓಡುವವರು ಕಣ್ಣೆದುರೇ ತಪ್ಪಿಸಿಕೊಂಡು ಹೋಗುತ್ತಿದ್ದರೂ ಕೂತೇ ಇರಬೇಕು! ಹತ್ತು ವರ್ಷದ ಮಗುವಿಗೆ ಅದೆಷ್ಟು ಕಷ್ಟ ಅಂತ ಯೋಚಿಸಿ. ಎದ್ದ ಮೇಲೆ ಒಂದು ದಿಕ್ಕು ಹಿಡಿದರೆ ಕಂಬದ ತನಕ ತಿರುಗುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ಅಂದರೆ ಓಡುವ ಮೊದಲೇ ತೀರ್ಮಾನ ಆಗಬೇಕು, ತೀರ್ಮಾನದ ಫಲ ತಾನೇ ಅನುಭವಿಸಬೇಕು. ತನ್ನ ಕೈಲಾಗುವುದಿಲ್ಲ ಅಂದಾಗ ತಕ್ಕ ಜಾಗದಲ್ಲಿ ಕೂತಿರುವವರಿಗೆ ಖೊ ಕೊಟ್ಟು ತಾನು ಅಲ್ಲಿ ಕೂರಬೇಕು. ತಾನೇ ಹಿಡಿಯಬೇಕು ಅಂತ ಹಟ ಹಿಡಿದು ಓಡುವ ಹುಡುಗನಿಂದ ತಂಡ ಸೋಲುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ, ನಾವು ಹೇಳಬೇಕಾಗಿಲ್ಲ. ಇದರ ಜೊತೆಗೆ ನಮ್ಮ ಮಕ್ಕಳಿಗೆ ತೋರಿಸಲು ಹತ್ತಿರದವರೇ ಇದ್ದಾರೆ: 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಆಡಿದ್ದರು. ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸಲು ಹಿಂಜರಿಯುವ ಅಮ್ಮಂದಿರಿಗೂ ಈ ವಿಷಯ ಹೇಳಿ.

ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಲು ಬಿಡಬೇಡಿ. ಕೊನೆಗೆ ಉಳಿಯುವ ಮಗು ಯಾವಾಗಲೂ ಒಂದೇ ಆಗಿರುತ್ತದೆ. ಒಂದು, ಎರಡು, ಒಂದು, ಎರಡು ಅಂತ ಎಣಿಸಿ ಭಾಗ ಮಾಡಿ. ಒಂದೇ ಕೇರಿಯವರು ಒಂದೇ ತಂಡ ಆಗದಂತೆ ನೋಡಿಕೊಳ್ಳಿ. ಜಾತಿ, ಬಣ್ಣ, ಮೈಕಟ್ಟು ಹಿಡಿದು ಕರೆಯುವುದಕ್ಕೆ ಮೊದಲ ದಿನವೇ ತಡೆ ಹಾಕಿ, ಎಲ್ಲರನ್ನೂ ಹೆಸರು ಹಿಡಿದೇ ಕರೆಯಲಿ, ನೀವೂ ಹಾಗೇ ಕರೆಯಿರಿ.

ಈಗ ಮುಖ್ಯವಾದದ್ದು. ಆಟ ಮುಗಿದ ಕೂಡಲೇ, ಬೆವರು ಆರುವ ಮೊದಲೇ, ಎಲ್ಲರೂ ಸುತ್ತಲೂ ನೆಲದ ಮೇಲೆ ಕೂರಿ. ಕುರ್ಚಿ ಬೇಡ, ನೀವು ನಿಂತು ಮಾತಾಡುವುದೂ ಬೇಡ. ಮೂರೇ ಪ್ರಶ್ನೆ ಸಾಕು. ಇವತ್ತು ಆಟದಲ್ಲಿ ಏನಾಯ್ತು? ಯಾಕೆ ಹಾಗಾಯ್ತು? ಇಂಥದ್ದು ಮನೇಲಿ, ಶಾಲೇಲಿ ಯಾವಾಗ ಆಗುತ್ತೆ? ಮೂರನೆಯದು ಬಿಟ್ಟುಹೋದರೆ ಆಟ ಆಟವಾಗಿಯೇ ಉಳಿಯುತ್ತದೆ. ಖೊಖೊ ಆದ ಮೇಲೆ "ನಿನಗೆ ಖೊ ಬರಲೇ ಇಲ್ಲ, ಹೇಗನ್ನಿಸಿತು?" ಅಂತ ಕೇಳಿದರೆ ಮಾತಾಡದ ಮಗು ಕೂಡ ಬಾಯಿ ಬಿಡುತ್ತದೆ. ಉತ್ತರ ಬರದಿದ್ದರೆ ಕಾಯಿರಿ. ನೀತಿ ಹೇಳುವ ಆಸೆ ನಮಗೆಲ್ಲ ಬರುತ್ತದೆ, ತಡೆದುಕೊಳ್ಳಿ. ಕನ್ನಡ ಬಾರದ ಮಗು ತನ್ನ ಭಾಷೆಯಲ್ಲೇ ಹೇಳಲಿ, ಇನ್ನೊಂದು ಮಗು ಅದನ್ನು ಕನ್ನಡಕ್ಕೆ ತರಲಿ. ಹತ್ತು ನಿಮಿಷ ಆದ ಮೇಲೆ ನಿಲ್ಲಿಸಿ, ಎಳೆಯಬೇಡಿ.

ಸ್ವಲ್ಪ ದಿನ ಕಳೆದ ಮೇಲೆ ಅಂಪೈರ್ ಇಲ್ಲದೆ ಆಡಿಸಿ ನೋಡಿ. ಕೊಲಂಬಿಯಾದಲ್ಲಿ 1994ರಲ್ಲಿ ಫುಟ್ಬಾಲ್ ಆಟಗಾರ ಆಂಡ್ರೆಸ್ ಎಸ್ಕೋಬಾರ್ ಕೊಲೆಯಾದ ಮೇಲೆ ಮೆಡೆಲಿನ್ ನಗರದಲ್ಲಿ ಇಂಥ ಪ್ರಯತ್ನ ನಡೆಯಿತು. ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುತ್ತಾರೆ. ಮೊದಲು ಎರಡೂ ತಂಡ ಕೂತು ನಿಯಮ ಒಪ್ಪಿಕೊಳ್ಳುತ್ತವೆ, ರೆಫರಿ ಇಲ್ಲದೆ ಆಡುತ್ತವೆ, ಕೊನೆಗೆ ಮತ್ತೆ ಕೂತು ಯಾರು ನ್ಯಾಯವಾಗಿ ಆಡಿದರು ಅಂತ ಮಾತಾಡಿ ಅದಕ್ಕೂ ಅಂಕ ಕೊಡುತ್ತವೆ. ನಮ್ಮ ಕಬಡ್ಡಿಗೂ ಇದು ಚೆನ್ನಾಗಿ ಒಗ್ಗುತ್ತದೆ. "ಮುಟ್ಟಿದೆ", "ಇಲ್ಲ ಮುಟ್ಟಿಲ್ಲ" ಅಂತ ಗಲಾಟೆ ಆಗಿಯೇ ಆಗುತ್ತದೆ. ಆಗಲಿ ಬಿಡಿ. ಕೈ ಮಾಡಿದರೆ ಮಾತ್ರ ನಡುವೆ ಹೋಗಿ, ಮಿಕ್ಕಂತೆ ಅವರೇ ಬಗೆಹರಿಸಿಕೊಳ್ಳಲಿ. ನೈರೋಬಿಯ ಮತಾರೆ ಕೊಳೆಗೇರಿಯಲ್ಲಿ 1987ರಲ್ಲಿ ಶುರುವಾದ ಯುವಜನರ ಕ್ರೀಡಾ ಸಂಘ ಇನ್ನೊಂದು ದಾರಿ ತೋರಿಸಿದೆ, ಅಲ್ಲಿ ತಂಡದವರು ಬಡಾವಣೆಯ ಕಸ ತೆಗೆದರೆ ಲೀಗ್‌ನಲ್ಲಿ ಅಂಕ ಸಿಗುತ್ತದೆ.

ಹೆಣ್ಣುಮಕ್ಕಳಿರುವ ಕಡೆ ಒಬ್ಬ ಮಹಿಳೆ ಇರಲೇಬೇಕು. ಮುಟ್ಟಿನ ದಿನ ಆಡಬೇಕೋ ಬೇಡವೋ ಅಂತ ಹುಡುಗಿಯೇ ಹೇಳಲಿ. ಶೌಚಾಲಯದ ಬೀಗದ ಕೈ ಹತ್ತಿರದಲ್ಲೇ ಇರಲಿ, ಬ್ಯಾಗಿನಲ್ಲಿ ಪ್ಯಾಡ್ ಇರಲಿ.

ಸುತ್ತು ಕೂತು ಮಾತಾಡುವಾಗ ಒಮ್ಮೊಮ್ಮೆ ಭಾರದ ವಿಷಯ ಹೊರಬರುತ್ತದೆ. ಅಪ್ಪ ಕುಡಿದು ಹೊಡೆಯುವುದು, ಅಕ್ಕನಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆ ಗೊತ್ತು ಮಾಡಿರುವುದು, ಯಾರೋ ಮೈ ಮುಟ್ಟಿದ್ದು. ಎಲ್ಲರೆದುರು ಕೆದಕಬೇಡಿ. "ಹೇಳಿದ್ದು ಒಳ್ಳೇದಾಯ್ತು, ಆಮೇಲೆ ಮಾತಾಡೋಣ" ಅನ್ನಿ. ಆಮೇಲೆ ಬೇರೆಯವರ ಕಣ್ಣಿಗೆ ಕಾಣುವ, ಆದರೆ ಕಿವಿಗೆ ಬೀಳದ ಜಾಗದಲ್ಲಿ ಕೂತು ಕೇಳಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಯಾಕೆಂದರೆ ಹೇಳಬೇಕಾಗುತ್ತದೆ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕು, ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಇದೇ ಕಾರಣಕ್ಕೆ ದೊಡ್ಡವರು ಯಾವಾಗಲೂ ಇಬ್ಬರಿರಬೇಕು, ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಕ್ಕಳ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಬೇಡವೇ ಬೇಡ.

ಕೆಲಸ ಆಗುತ್ತಿದೆಯೋ ಇಲ್ಲವೋ ಅಂತ ಪದಕ ಎಣಿಸಿ ನೋಡಬೇಡಿ. ಒಂದು ನೋಟ್‌ಬುಕ್ ಇಡಿ. ಸೋತಾಗ ಯಾರು ಎದ್ದು ಹೋಗುತ್ತಿದ್ದರು, ಈಗ ಉಳಿಯುತ್ತಾರಾ? ಯಾರು ಇವತ್ತು ಮೊದಲ ಸಲ ಮಾತಾಡಿದರು? ಯಾವ ಹುಡುಗ ಚಿಕ್ಕವನಿಗೆ ಖೊ ಕೊಟ್ಟ? ಇಂಥದ್ದನ್ನು ಅವತ್ತೇ ಎರಡು ಸಾಲಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಓದಿ. ಆರೇಳು ತಿಂಗಳಲ್ಲಿ ದೊಡ್ಡ ಮಕ್ಕಳಿಗೆ ಕೆರೆ-ದಡ ಆಡಿಸುವುದನ್ನೂ ಸುತ್ತು ಕೂರಿಸುವುದನ್ನೂ ವಹಿಸಿಕೊಡಿ. ನಿಮಗೆ ಪರೀಕ್ಷೆಯೋ, ವರ್ಗಾವಣೆಯೋ, ಬರಲಾಗದ ಬೇರೇನಾದರೂ ಇದ್ದರೆ ಒಂದು ವಾರ ಮುಂಚೆ ಮಕ್ಕಳಿಗೆ ಹೇಳಿ, ಯಾರು ಬರುತ್ತಾರೆ ಅಂತಲೂ ಹೇಳಿ. ಹೇಳದೆ ಹೋಗುವ ದೊಡ್ಡವರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ.